ಟ್ರ್ಯಾಕ್ಟರ್‌ಗೆ ಜೋಡಿಸುವ ಗುಂಡಿ ತೋಡುವ ಯಂತ್ರ ಮತ್ತು ಕಲ್ಲುಕಂಬದ ಬೇಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಜಿಲ್ಲೆಯ ನಮ್ಮ ಬಯಲುಸೀಮೆಯಲ್ಲಿ ಹೊಲಕ್ಕೆ ಬೇಲಿ ಎಂದರೆ ಹೆಚ್ಚಾಗಿ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುವುದೇ. ಹಾರೆ, ಸನಿಕೆ ಹಿಡಿದು ಗುಂಡಿ ತೋಡುವ ಆಳುಗಳು ಸಿಗುವುದು ಕಷ್ಟವಾದ ಮೇಲೆ ಟ್ರ್ಯಾಕ್ಟರ್ ಹಿಂದೆ ಜೋಡಿಸುವ ಯಂತ್ರ ಊರೂರಿಗೆ ಬಂದಿದೆ. ನಮ್ಮ ಹೊಲದಲ್ಲಿಯೂ ಅಕ್ಕಪಕ್ಕದ ಹೊಲಗಳಲ್ಲಿಯೂ ಇದನ್ನು ಬಳಸಿದ ಅನುಭವದಿಂದ, ರೈತರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ?

ಟ್ರ್ಯಾಕ್ಟರ್‌ನ ಹಿಂಬದಿಯಲ್ಲಿರುವ ಪಿಟಿಒ (ಪವರ್ ಟೇಕ್ ಆಫ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ದಂಡ) ಶಾಫ್ಟ್‌ನಿಂದ ತಿರುಗುವ ಶಕ್ತಿ ಒಂದು ಉದ್ದನೆಯ ಶಾಫ್ಟ್ ಮೂಲಕ ಗೇರ್‌ಬಾಕ್ಸ್‌ಗೆ ಬರುತ್ತದೆ. ಗೇರ್‌ಬಾಕ್ಸ್ ಆ ವೇಗವನ್ನು ತಗ್ಗಿಸಿ, ದಿಕ್ಕನ್ನು ನೆಲದ ಕಡೆಗೆ ಹೊರಳಿಸಿ, ಕೆಳಗೆ ತೂಗುವ ಅಗರ್ ಎಂಬ ಸುರುಳಿಯನ್ನು ತಿರುಗಿಸುತ್ತದೆ. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುವಾಗ ಅಗರ್ ಸುಮಾರು 180 ಸುತ್ತು ತಿರುಗುತ್ತದೆ ಎಂದುಕೊಳ್ಳಿ, ಏಕೆಂದರೆ ಹೆಚ್ಚಿನ ಗೇರ್‌ಬಾಕ್ಸ್‌ಗಳಲ್ಲಿ ಇಳಿಕೆ ಮೂರಕ್ಕೆ ಒಂದರ ಆಸುಪಾಸಿನಲ್ಲಿರುತ್ತದೆ. ಇಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿಯೆಂದರೆ, ಸಾಮಾನ್ಯ ಯಂತ್ರದಲ್ಲಿ ಅಗರ್ ಅನ್ನು ನೆಲಕ್ಕೆ ಒತ್ತುವ ಬಲ ಯಾವುದೂ ಇಲ್ಲ. ಟ್ರ್ಯಾಕ್ಟರ್‌ನ ಲಿಫ್ಟ್ ಎತ್ತಬಲ್ಲದು, ಇಳಿಯಲು ಬಿಡಬಲ್ಲದು, ಆದರೆ ಅದುಮಲಾರದು. ಯಂತ್ರ ತನ್ನ ತೂಕದಿಂದಲೂ ತುದಿಯ ಮೊನೆ ಮಣ್ಣನ್ನು ಕಚ್ಚುವುದರಿಂದಲೂ ಕೆಳಗಿಳಿಯುತ್ತದೆ. ಮುಂದೆ ಬರುವ ಎಷ್ಟೋ ತೊಂದರೆಗಳ ಮೂಲ ಇದೇ.

ಬೇಲಿಗೆ ಎಷ್ಟು ಇಂಚಿನ ಅಗರ್ ತೆಗೆದುಕೊಳ್ಳಬೇಕು?

ಟ್ರ್ಯಾಕ್ಟರ್ ನೋಡಿ ಅಗರ್ ಆರಿಸುವವರೇ ಹೆಚ್ಚು. ನೋಡಬೇಕಾದದ್ದು ಕಂಬವನ್ನು. ಮಾರುಕಟ್ಟೆಯಲ್ಲಿ 6, 9, 12, 18, 24 ಇಂಚಿನ ಅಗರ್‌ಗಳು ಸಿಗುತ್ತವೆ. ಕಲ್ಲುಕಂಬಕ್ಕೆ ನಾಲ್ಕು ಮೂಲೆ ಇರುವುದರಿಂದ ಅದರ ಅಗಲವನ್ನಲ್ಲ, ಮೂಲೆಯಿಂದ ಮೂಲೆಗೆ ಇರುವ ಅಳತೆಯನ್ನು ಹಿಡಿಯಬೇಕು. ನಾಲ್ಕು ಇಂಚು ದಪ್ಪ, ಆರು ಇಂಚು ಅಗಲದ ಕಂಬಕ್ಕೆ ಆ ಅಳತೆ ಸುಮಾರು 7.2 ಇಂಚು ಬರುತ್ತದೆ. ಅದು 9 ಇಂಚಿನ ಗುಂಡಿಯಲ್ಲಿ ನಿಲ್ಲುತ್ತದೆ. ಐದು ಇಂಚು ದಪ್ಪ, ಎಂಟು ಇಂಚು ಅಗಲದ ಕಂಬಕ್ಕೆ ಅದೇ ಅಳತೆ 9.4 ಇಂಚು ಆಗುವುದರಿಂದ 12 ಇಂಚಿನ ಅಗರ್ ಬೇಕೇ ಬೇಕು. ನಮ್ಮ ಕಡೆಯ ಕಂಬಗಳು ಉಳಿಯಿಂದ ಸೀಳಿದವಾದ್ದರಿಂದ ಎಲ್ಲವೂ ಒಂದೇ ಅಳತೆಗೆ ಇರುವುದಿಲ್ಲ. ಲೋಡು ಇಳಿಸಿದ ಮೇಲೆ ಹತ್ತು ಹದಿನೈದು ಕಂಬಗಳ ಬುಡವನ್ನು ಟೇಪಿನಲ್ಲಿ ಅಳೆದು, ಅವುಗಳಲ್ಲಿ ದಪ್ಪನೆಯದಕ್ಕೆ ಹೊಂದುವ ಅಗರ್ ತರಿಸಿ.

ದೊಡ್ಡ ಗುಂಡಿ ಇದ್ದರೆ ಒಳ್ಳೆಯದಲ್ಲವೇ ಎಂದು ಕೇಳುವವರಿಗೆ ಒಂದು ಲೆಕ್ಕ. ಎರಡು ಅಡಿ ಆಳದ 9 ಇಂಚಿನ ಗುಂಡಿಯಿಂದ ಸುಮಾರು 0.88 ಘನ ಅಡಿ ಮಣ್ಣು ಹೊರಬರುತ್ತದೆ, 12 ಇಂಚಿನದರಿಂದ 1.57 ಘನ ಅಡಿ, 18 ಇಂಚಿನದರಿಂದ 3.5 ಘನ ಅಡಿ. ನಾಲ್ಕು ಆರು ಇಂಚಿನ ಕಂಬದ ಭಾಗವನ್ನು ಕಳೆದರೆ, ಒಂಬತ್ತು ಇಂಚಿನ ಗುಂಡಿಗೆ ಅರ್ಧ ಘನ ಅಡಿಗಿಂತ ಸ್ವಲ್ಪ ಹೆಚ್ಚು ಕಾಂಕ್ರೀಟ್ ಸಾಕು, ಹನ್ನೆರಡು ಇಂಚಿನದಕ್ಕೆ ಸುಮಾರು ಒಂದೂಕಾಲು ಘನ ಅಡಿ ಬೇಕು. ನೂರು ಕಂಬಗಳಿಗೆ ಇದು 55 ಮತ್ತು 124 ಘನ ಅಡಿಗಳ ವ್ಯತ್ಯಾಸ. ಬರೀ ಮಣ್ಣು ತುಂಬಿ ಗುದ್ದುವವರಿಗೆ ಮಾತ್ರ 9 ಇಂಚು ಇಕ್ಕಟ್ಟಾಗುತ್ತದೆ, ಏಕೆಂದರೆ ಕಂಬದ ಸುತ್ತ ಹಾರೆಯ ಬುಡ ಆಡಲು ಜಾಗವಿರಬೇಕು. ಹಾಗಾಗಿ ಕಾಂಕ್ರೀಟ್ ಹಾಕುವವರು ಕಂಬ ಹಿಡಿಯುವಷ್ಟು ಚಿಕ್ಕದನ್ನೂ, ಮಣ್ಣು ಗುದ್ದುವವರು 12 ಇಂಚಿನದನ್ನೂ ಬಳಸುವುದು ಸರಿ ಎಂಬುದು ನನ್ನ ಅಭಿಪ್ರಾಯ.

ನನ್ನ ಟ್ರ್ಯಾಕ್ಟರ್‌ಗೆ ಇದು ಹೊಂದುತ್ತದೆಯೇ?

35 ಎಚ್‌ಪಿ ಮತ್ತು ಅದಕ್ಕಿಂತ ಹೆಚ್ಚಿನ ಟ್ರ್ಯಾಕ್ಟರ್ 12 ಇಂಚಿನ ಅಗರ್‌ಗೆ ಧಾರಾಳವಾಗಿ ಸಾಕು. 18 ಇಂಚು ದಾಟಿದರೆ 45 ಎಚ್‌ಪಿ ಆಸುಪಾಸಿನದು ಇರಲಿ. ಮಿನಿ ಟ್ರ್ಯಾಕ್ಟರ್ ಇರುವವರು 6 ಅಥವಾ 9 ಇಂಚಿಗೆ ನಿಲ್ಲುವುದು ಲೇಸು. ಅಲ್ಲಿ ಕೊರತೆ ಬೀಳುವುದು ಎಂಜಿನ್ ಶಕ್ತಿಗಿಂತ ತೂಕದಲ್ಲಿ. ಹಿಂದೆ ತೂಗುವ ಭಾರಕ್ಕೆ ಮುಂದಿನ ಚಕ್ರ ಹಗುರವಾಗಿ, ಬದು ದಾಟುವಾಗ ಸ್ಟೇರಿಂಗ್ ಹಿಡಿತಕ್ಕೆ ಸಿಗದಂತಾಗುತ್ತದೆ. ಮೂರು ಕಡೆ ಜೋಡಿಸುವ ಲಿಂಕೇಜ್‌ನ ಪಿನ್ನುಗಳು ನಿಮ್ಮ ಟ್ರ್ಯಾಕ್ಟರ್‌ನ ಕೊಂಡಿಗಳಿಗೆ ಸಡಿಲವಿಲ್ಲದೆ ಕೂರುತ್ತವೆಯೇ, ಪಿಟಿಒ ಶಾಫ್ಟ್ ಆರು ಹಲ್ಲಿನದೇ ಎಂಬ ಎರಡನ್ನೂ ಅಂಗಡಿಯಲ್ಲಿಯೇ ಜೋಡಿಸಿ ನೋಡಬೇಕು.

ಕೊಳ್ಳುವುದು ಲಾಭವೋ, ಬಾಡಿಗೆಗೆ ತರುವುದು ಲಾಭವೋ?

ಮೊದಲು ಗುಂಡಿಗಳನ್ನು ಎಣಿಸಿ. ಒಂದು ಎಕರೆ ಚೌಕವಾಗಿದ್ದರೆ ಸುತ್ತಳತೆ ಸುಮಾರು 835 ಅಡಿ. ಎಂಟು ಅಡಿಗೊಂದು ಕಂಬವೆಂದರೆ 105 ಗುಂಡಿ, ಹತ್ತು ಅಡಿಗೊಂದೆಂದರೆ 84. ಅದೇ ಒಂದು ಎಕರೆ 66 ಅಡಿ ಅಗಲ, 660 ಅಡಿ ಉದ್ದದ ಪಟ್ಟಿಯಾಗಿದ್ದರೆ ಸುತ್ತಳತೆ 1,452 ಅಡಿಗೆ ಏರಿ, ಎಂಟು ಅಡಿ ಅಂತರಕ್ಕೆ 180ಕ್ಕೂ ಹೆಚ್ಚು ಗುಂಡಿ ಬೇಕಾಗುತ್ತದೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಉದ್ದನೆಯ ಪಟ್ಟಿಗಳೇ ನಮ್ಮಲ್ಲಿ ಹೆಚ್ಚಾದ್ದರಿಂದ ಎಕರೆ ಲೆಕ್ಕದಲ್ಲಿ ಅಂದಾಜು ಮಾಡುವುದು ಮೋಸ ಹೋಗುವ ದಾರಿ. ಚೌಕವಾದ ನಾಲ್ಕು ಎಕರೆಗೆ ಒಂದು ಎಕರೆಯ ಎರಡರಷ್ಟು ಕಂಬ ಮಾತ್ರ ಸಾಕು ಎಂಬುದನ್ನೂ ನೆನಪಿಡಿ. ಪಕ್ಕದವರೊಡನೆ ಸೇರಿ ಒಂದೇ ಬೇಲಿ ಹಾಕಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ಬೇರೆ ಬೇಕಿಲ್ಲ.

ನೂರಿನ್ನೂರು ಗುಂಡಿಗಾಗಿ ಯಂತ್ರ ಕೊಳ್ಳುವುದು ವ್ಯರ್ಥ. ಬೇಲಿಯ ಜೊತೆಗೆ ತೆಂಗು, ಮಾವಿನ ತೋಟ ಎಬ್ಬಿಸುವವರು, ಅಥವಾ ಊರಿನಲ್ಲಿ ಬಾಡಿಗೆಗೆ ಓಡಿಸುವ ಉದ್ದೇಶವಿರುವವರು ಕೊಳ್ಳಬಹುದು. ಯಂತ್ರ ಕೊಳ್ಳಲು ಸಹಾಯಧನ ಕೊಡುವ ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014-15ರಲ್ಲಿ ಆರಂಭವಾದದ್ದು. ಸಹಾಯಧನದ ಪ್ರಮಾಣ ರೈತರ ವರ್ಗಕ್ಕೆ ತಕ್ಕಂತೆ ಬೇರೆ ಬೇರೆಯಾಗಿರುವುದರಿಂದ ಆಯಾ ವರ್ಷದ ವಿವರವನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿಯೇ ಮುಂದುವರಿಯಿರಿ, ಹೋಗುವಾಗ ಫ್ರೂಟ್ಸ್ (ರಾಜ್ಯದ ರೈತ ನೋಂದಣಿ) ಗುರುತಿನ ಸಂಖ್ಯೆ ಕೈಯಲ್ಲಿರಲಿ. ಬಾಡಿಗೆಗೆ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿಯೂ ಕೇಳಬಹುದು.

ಬಾಡಿಗೆ ಮಾತಾಡುವಾಗ ಗುಂಡಿ ಲೆಕ್ಕವೋ ಗಂಟೆ ಲೆಕ್ಕವೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಗುಂಡಿ ಲೆಕ್ಕವಾದರೆ ಚಾಲಕ ಆತುರಪಟ್ಟು ಒಂದೂವರೆ ಅಡಿಗೇ ಎತ್ತಿಬಿಡುವುದುಂಟು. ಆಳದ ಅಳತೆಗೆ ಗುರುತು ಹಾಕಿದ ಕೋಲೊಂದನ್ನು ಹಿಡಿದು ಒಬ್ಬರು ಹಿಂದೆಯೇ ಅಳೆಯುತ್ತ ಬರಬೇಕು. ಕಲ್ಲು ಭೂಮಿಯಲ್ಲಿ ಗಂಟೆ ಲೆಕ್ಕ ನಿಮಗೆ ದುಬಾರಿ.

ಹೊಸ ಯಂತ್ರ ಕೊಳ್ಳುವಾಗ ಏನೇನು ಪರೀಕ್ಷಿಸಬೇಕು?

ಗೇರ್‌ಬಾಕ್ಸ್‌ನ ಕೆಳಗಿನ ಸೀಲಿನಿಂದ ಎಣ್ಣೆ ಜಿನುಗುತ್ತಿದೆಯೇ, ಅಗರ್ ಹಿಡಿದು ಅಲುಗಾಡಿಸಿದರೆ ಶಾಫ್ಟ್ ಲೊಡಲೊಡ ಆಡುತ್ತದೆಯೇ, ಕೊಯ್ಯುವ ಬ್ಲೇಡುಗಳನ್ನೂ ತುದಿಯ ಮೊನೆಯನ್ನೂ ಬೋಲ್ಟು ಬಿಚ್ಚಿ ಬದಲಿಸಬಹುದೇ ಎಂಬುದನ್ನು ನೋಡಿ. ಬ್ಲೇಡು ಬೆಸುಗೆ ಹಾಕಿದ್ದರೆ ಬೇಡ. ಗರಸು ಮಣ್ಣಿನಲ್ಲಿ ಬ್ಲೇಡು ಬೇಗ ಸವೆಯುತ್ತದೆ. ಪಿಟಿಒ ಶಾಫ್ಟ್ ಮೇಲೆ ಪ್ಲಾಸ್ಟಿಕ್ ಕವಚ ಇರಲೇಬೇಕು. ಆ ಶಾಫ್ಟ್ ಒಂದರೊಳಗೊಂದು ಜಾರುವ ಎರಡು ತುಂಡುಗಳದ್ದು: ಯಂತ್ರವನ್ನು ಪೂರ್ತಿ ಎತ್ತಿ, ಪೂರ್ತಿ ಇಳಿಸಿ ನೋಡಿದಾಗ ಎಲ್ಲಿಯೂ ಅದು ತಳಕ್ಕೆ ತಾಗಿ ಒತ್ತಬಾರದು, ಎಲ್ಲಿಯೂ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಒಳಗಿರಬಾರದು. ಸರ್ಕಾರಿ ಪರೀಕ್ಷಾ ವರದಿ ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ದಕ್ಷಿಣ ಭಾರತಕ್ಕೆ ಅಂಥ ಪರೀಕ್ಷಾ ಸಂಸ್ಥೆ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ.

ಗುಂಡಿ ಆರಂಭಿಸುವ ಮೊದಲು ಏನು ಮಾಡಬೇಕು?

ಗಡಿಯ ಬಗ್ಗೆ ಕಿಂಚಿತ್ ಅನುಮಾನವಿದ್ದರೂ ಹದ್ದುಬಸ್ತಿಗೆ, ಅಂದರೆ ಗಡಿ ಅಳತೆಗೆ, ಅರ್ಜಿ ಹಾಕಿ, ಭೂಮಾಪಕರು ಬಂದು ಗುರುತಿಸಿದ ಮೇಲೆಯೇ ಕಂಬ ನೆಡಿ. ಗಡಿ ಗುರುತಿನ ಬಾಂದು ಕಲ್ಲಿನ ಹತ್ತಿರ ಯಂತ್ರ ತರಬೇಡಿ. ಅಲ್ಲಿ ಕೈಯಿಂದ ತೋಡಿ. ನೂರು ಕಲ್ಲುಕಂಬ ಕಾಂಕ್ರೀಟಿನಲ್ಲಿ ಕೂತ ಮೇಲೆ ಎರಡಡಿ ಆಚೆಗೆ ಬಂದಿದೆ ಎಂದು ತಿಳಿದರೆ, ಹೋಗುವುದು ಹಣ ಮಾತ್ರವಲ್ಲ, ಪಕ್ಕದವರೊಡನೆ ಇದ್ದ ಮಾತೂ ಹೋಗುತ್ತದೆ.

ಎರಡನೆಯದು, ನೆಲದೊಳಗೆ ಏನಿದೆ ಎಂಬುದು. ಬೋರ್‌ವೆಲ್‌ನ ಕೇಬಲ್, ಹನಿ ನೀರಾವರಿಯ ಮುಖ್ಯ ಪೈಪು, ರಸ್ತೆ ಬದಿಯಲ್ಲಿ ಊರಿನ ನೀರಿನ ಪೈಪು, ದೂರವಾಣಿಯ ಕೇಬಲ್, ಇವು ಸಾಮಾನ್ಯವಾಗಿ ಒಂದೂವರೆ ಎರಡು ಅಡಿಯಲ್ಲಿಯೇ, ಅಂದರೆ ಸರಿಯಾಗಿ ನಮ್ಮ ಗುಂಡಿಯ ಆಳದಲ್ಲಿಯೇ ಇರುತ್ತವೆ. ಪೈಪು ಹೂತವರನ್ನು ಕರೆದು ಹೊಲದ ಮೇಲೆ ನಡೆಸಿ, ಅವರು ತೋರಿಸಿದ ಸಾಲಿಗೆ ಸುಣ್ಣ ಎಳೆಸಿ. ಯಂತ್ರ ಎತ್ತಿದಾಗ ಮೇಲೆ ವಿದ್ಯುತ್ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ.

ಆಮೇಲೆ ಮೂಲೆಯಿಂದ ಮೂಲೆಗೆ ದಾರ ಕಟ್ಟಿ, ಪ್ರತಿ ಗುಂಡಿಯ ನಡುವಿಗೆ ಸುಣ್ಣದ ಚುಕ್ಕೆ ಇಟ್ಟು, ದಾರವನ್ನು ಬಿಚ್ಚಿಬಿಡಬೇಕು. ತಿರುಗುವ ಅಗರ್ ಹತ್ತಿರ ದಾರ ಇರಲೇಬಾರದು.

ಯಾವ ಕಾಲದಲ್ಲಿ ತೋಡುವುದು ಒಳ್ಳೆಯದು?

ಈ ಒಂದು ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡವರಿಗೆ ಉಳಿದ ಅರ್ಧ ತೊಂದರೆಗಳು ಬರುವುದೇ ಇಲ್ಲ. ಬೇಲಿ ಕೆಲಸವನ್ನು ಏಪ್ರಿಲ್, ಮೇ ತಿಂಗಳಿಗೆ ಇಟ್ಟುಕೊಳ್ಳುವುದು ನಮ್ಮಲ್ಲಿ ರೂಢಿ, ಏಕೆಂದರೆ ಹೊಲ ಖಾಲಿ ಇರುತ್ತದೆ. ಆದರೆ ಆಗ ಕೆಂಪು ಭೂಮಿ ಸುಟ್ಟ ಇಟ್ಟಿಗೆಯಂತೆ ಬಿಗಿದಿರುತ್ತದೆ. ಒತ್ತುವ ಬಲವಿಲ್ಲದ ಯಂತ್ರ ಅಂಥ ನೆಲದ ಮೇಲೆ ನಿಂತಲ್ಲಿಯೇ ತಿರುಗಿ, ನುಣ್ಣನೆಯ ಕೆಂಪು ದೂಳು ಎಬ್ಬಿಸುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ. ಬ್ಲೇಡು ಬಿಸಿಯಾಗಿ ಅಂಚು ನೀಲಿಗಟ್ಟುತ್ತದೆ. ಮಳೆ ಬಿದ್ದ ಮರುದಿನವೇ ಹೋದರೆ ಮಣ್ಣು ಸುರುಳಿಗೆ ಮೆತ್ತಿಕೊಂಡು ಹೊರಗೆ ಬೀಳುವುದಿಲ್ಲ.

ಬಿತ್ತನೆಗೆ ಹದ ನೋಡುವಂತೆಯೇ ಗುಂಡಿಗೂ ಹದ ನೋಡಬೇಕು. ಮುಂಗಾರಿನ ಒಂದು ಒಳ್ಳೆಯ ಮಳೆ ಬಿದ್ದು ನಾಲ್ಕೈದು ದಿನ ಬಿಸಿಲು ಕಂಡ ಮೇಲೆ, ಮೊಣಕೈ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಹಿಸುಕಿ. ಉಂಡೆ ಕಟ್ಟಬೇಕು, ಸೊಂಟದ ಎತ್ತರದಿಂದ ಬಿಟ್ಟರೆ ಒಡೆಯಬೇಕು, ಅಂಗೈಗೆ ಕೆಸರು ಅಂಟಬಾರದು. ಅಂಥ ದಿನ ಅಗರ್ ಇಳಿಯುವುದನ್ನು ನೋಡುವುದೇ ಒಂದು ಸಂತೋಷ: ಮೊದಲು ಮೇಲಿನ ಕೆಂಪು ಮಣ್ಣು ಸುರುಳಿ ಹತ್ತಿ ಬಂದು ಸುತ್ತಲೂ ಬಳೆಯಂತೆ ಬೀಳುತ್ತದೆ, ಒಂದೂವರೆ ಅಡಿಯ ಹೊತ್ತಿಗೆ ಸದ್ದು ಒರಟಾಗಿ, ಬಣ್ಣ ತಿಳಿಯಾಗಿ, ಗರಸು ಮೇಲೆ ಬರತೊಡಗುತ್ತದೆ. ಕಂಬಕ್ಕೆ ಬೇಕಾದ ಗಟ್ಟಿ ಬುಡ ಅದೇ.

ಬೇಸಿಗೆಯಲ್ಲಿಯೇ ಮಾಡಬೇಕಾದ ಅನಿವಾರ್ಯವಿದ್ದರೆ, ಮೊದಲ ದಿನ ಪ್ರತಿ ಚುಕ್ಕೆಯಲ್ಲಿ ಅರ್ಧ ಅಡಿ ತೋಡಿ, ಸಂಜೆ ಆ ಗುಂಡಿಗಳಿಗೆ ನೀರು ತುಂಬಿಸಿ, ಮರುದಿನ ನೀರು ಇಂಗಿದ ಮೇಲೆ ಮುಂದುವರಿಸಿ.

ಗುಂಡಿ ತೋಡುವ ಸರಿಯಾದ ಕ್ರಮ ಯಾವುದು?

ಟ್ರ್ಯಾಕ್ಟರ್ ಅನ್ನು ಸಮನಾಗಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಮೊನೆಯನ್ನು ಸುಣ್ಣದ ಚುಕ್ಕೆಯ ಮೇಲೆ ಇಳಿಸಿದ ನಂತರ, ಕಡಿಮೆ ವೇಗದಲ್ಲಿ ಪಿಟಿಒ ಕೊಡಿ. ಆರೇಳು ಇಂಚು ಇಳಿದ ಕೂಡಲೇ ಮೇಲೆತ್ತಿ, ಮಣ್ಣು ಉದುರಲು ಬಿಟ್ಟು, ಮತ್ತೆ ಇಳಿಸಿ. ಹೀಗೆ ಮೂರು ನಾಲ್ಕು ಸಲಕ್ಕೆ ಎರಡು ಅಡಿ ಮುಟ್ಟುತ್ತದೆ. ಒಂದೇ ಗುಕ್ಕಿಗೆ ತಳ ಮುಟ್ಟಿಸಲು ಹೋದರೆ ಅಗರ್ ಮರಕ್ಕೆ ಇಳಿಯುವ ಸ್ಕ್ರೂ ಆಗುತ್ತದೆ. ಎಂಜಿನ್ ಜೋರು ಮಾಡಿದರೆ ಕೆಲಸ ಬೇಗ ಆಗುವುದಿಲ್ಲ, ಮಣ್ಣು ದೂರಕ್ಕೆ ಎರಚಿ ಮತ್ತೆ ತುಂಬಲು ಸಿಗದಂತಾಗುತ್ತದೆ ಅಷ್ಟೇ.

ಗುಂಡಿ ಓರೆಯಾಗಿ ಹೋಗುತ್ತದೆ, ಏನು ಮಾಡಲಿ?

ಲಿಂಕೇಜ್ ತೋಳುಗಳು ಕಮಾನಿನಂತೆ ಇಳಿಯುವುದರಿಂದ ಆಳ ಹೆಚ್ಚಿದಂತೆ ಅಗರ್ ಸ್ವಲ್ಪ ಹಿಂದಕ್ಕೋ ಮುಂದಕ್ಕೋ ಸರಿಯುವುದು ಸಹಜ. ಚಾಲಕ ತಿರುಗಿ ನೋಡಿದರೆ ಎಡಬಲದ ವಾಲಿಕೆ ಕಾಣುತ್ತದೆ, ಹಿಂದುಮುಂದಿನದು ಕಾಣುವುದಿಲ್ಲ. ಆದ್ದರಿಂದ ಹತ್ತು ಹದಿನೈದು ಅಡಿ ದೂರದಲ್ಲಿ ಪಕ್ಕಕ್ಕೆ ನಿಂತು ಒಬ್ಬರು ಕೈಸನ್ನೆ ಮಾಡಬೇಕು. ಇಳಿಜಾರಿನಲ್ಲಿ ಅಡ್ಡಲಾಗಿ ನಿಲ್ಲಿಸದೆ, ಏರಿನ ಕಡೆಗೆ ಮುಖ ಮಾಡಿ ನಿಲ್ಲಿಸಿ. ಅಗರ್ ನೆಲದಲ್ಲಿರುವಾಗ ಟ್ರ್ಯಾಕ್ಟರ್ ಅನ್ನು ಹಿಂದೆ ಮುಂದೆ ಸರಿಸಿ ನೇರ ಮಾಡಲು ಹೋಗಬೇಡಿ, ಶಾಫ್ಟ್ ಬಾಗುತ್ತದೆ.

ಅಗರ್ ನೆಲದಲ್ಲಿ ಸಿಕ್ಕಿಕೊಂಡರೆ?

ಮೊದಲು ಪಿಟಿಒ ಬಿಡಿಸಿ, ಎಂಜಿನ್ ನಿಲ್ಲಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ದೊಡ್ಡ ಪೈಪ್ ಪಾನಾದಿಂದ ಅಗರ್ ದಂಡವನ್ನು ಹಿಡಿದು ಹಿಂದಕ್ಕೆ ತಿರುಗಿಸಿ. ನಾಲ್ಕಾರು ಸುತ್ತಿಗೆ ಅದು ಸಡಿಲವಾಗುತ್ತದೆ. ಆಗ ಪಾನಾ ತೆಗೆದು, ಎಂಜಿನ್ ಹಚ್ಚಿ, ಲಿಫ್ಟಿನಿಂದ ನಿಧಾನವಾಗಿ ಎತ್ತಿ. ಕೆಲವು ಟ್ರ್ಯಾಕ್ಟರ್‌ಗಳಲ್ಲಿರುವ ರಿವರ್ಸ್ ಪಿಟಿಒ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಲಿಫ್ಟಿನಿಂದ ಜಗ್ಗಿ ಕೀಳಲು ಹೋಗಬೇಡಿ.

ಶಿಯರ್ ಬೋಲ್ಟ್ ಮತ್ತೆ ಮತ್ತೆ ತುಂಡಾಗುತ್ತದೆ. ಗಟ್ಟಿ ಬೋಲ್ಟ್ ಹಾಕಬಹುದೇ?

ದಯವಿಟ್ಟು ಹಾಕಬೇಡಿ. ಬೇರೋ ಬಂಡೆಯೋ ಅಡ್ಡ ಬಂದಾಗ ಮೊದಲು ಮುರಿಯಲೆಂದೇ ಆ ಮೆದು ಬೋಲ್ಟನ್ನು ಇಟ್ಟಿರುತ್ತಾರೆ. ಕೆಲವು ವರ್ಷಗಳ ಹಿಂದೆ ನಮ್ಮ ಹೊಲದ ಮೇಲಿನ ಬದಿಯಲ್ಲಿ ಒಂದೇ ಬೆಳಿಗ್ಗೆ ಮೂರು ಬೋಲ್ಟು ಹೋದವು. ಬೇಸತ್ತ ಚಾಲಕ ನೇಗಿಲಿಗೆ ಹಾಕುವ ಹೈಟೆನ್ಸಿಲ್ ಬೋಲ್ಟು ಬಿಗಿದ, ನಾನೂ ಬೇಡವೆನ್ನಲಿಲ್ಲ. ನಾಲ್ಕನೆಯ ಗುಂಡಿಯಲ್ಲಿ ಅಗರ್ ಬಂಡೆಗೆ ಸಿಕ್ಕಿದಾಗ ಬೋಲ್ಟು ಉಳಿಯಿತು, ಗೇರ್‌ಬಾಕ್ಸ್‌ನೊಳಗಿನ ಎರಡು ಹಲ್ಲು ಮುರಿದವು. ಎಣ್ಣೆ ಬಿಚ್ಚಿ ಸುರಿದಾಗ ಅದರ ಜೊತೆಗೆ ಉಕ್ಕಿನ ಚೂರುಗಳು ತಟ್ಟೆಗೆ ಬಿದ್ದ ಸದ್ದು ಇನ್ನೂ ಕಿವಿಯಲ್ಲಿದೆ. ಅದು ಬಾಡಿಗೆ ಯಂತ್ರ. ರಿಪೇರಿಯ ಹಣ ನಾನೇ ಕೊಟ್ಟೆ, ಕೊಡಬೇಕಾದದ್ದೂ ನ್ಯಾಯವೇ. ತಯಾರಕರು ಹೇಳಿದ ದರ್ಜೆಯ ಬೋಲ್ಟುಗಳನ್ನು ಹತ್ತಿಪ್ಪತ್ತು ಒಟ್ಟಿಗೆ ತಂದಿಟ್ಟುಕೊಳ್ಳಿ. ಒಂದೇ ಜಾಗದಲ್ಲಿ ಎರಡು ಮುರಿದರೆ ಅಲ್ಲಿ ಕಲ್ಲಿದೆ ಎಂದೇ ಅರ್ಥ.

ಕೆಳಗೆ ಬಂಡೆ ಸಿಕ್ಕರೆ ಏನು ಮಾಡುವುದು?

ಬಿಡಿ ಕಲ್ಲಾದರೆ ಹಾರೆಯಿಂದ ಮೀಟಿ ತೆಗೆದು ಮುಂದುವರಿಸಿ. ಹಾಸುಬಂಡೆಯಾದರೆ ಮಣ್ಣಿನ ಅಗರ್‌ನಿಂದ ಆಗದು. ಸಾಧ್ಯವಾದರೆ ಸಾಲಿನಲ್ಲಿಯೇ ಕಂಬವನ್ನು ಒಂದೆರಡು ಅಡಿ ಆಚೀಚೆ ಸರಿಸಿ. ಅಂತರ ಎಂಟು ಅಡಿಯ ಬದಲು ಒಂಬತ್ತಾದರೆ ಬೇಲಿಗೆ ನಷ್ಟವಿಲ್ಲ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಸಾಧಾರಣ ಬ್ಲೇಡು ಬೇಗ ಸವೆಯುವುದರಿಂದ ಗಟ್ಟಿ ಲೋಹದ ಹಲ್ಲುಗಳಿರುವ ಅಗರ್ ಕೇಳಿ ತರಿಸಬೇಕು.

ಭಾರ ಕೊಡಲು ಯಂತ್ರದ ಮೇಲೆ ಆಳು ನಿಲ್ಲಿಸುವುದುಂಟು. ಅದು ಸರಿಯೇ?

ಇಲ್ಲ, ಯಾವ ಕಾರಣಕ್ಕೂ ಅಲ್ಲ. ಪಿಟಿಒ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಪಂಚೆಯ ತುದಿ, ಹೆಗಲ ಟವೆಲ್, ಸೀರೆಯ ಸೆರಗು, ಬಿಚ್ಚಿದ ಜಡೆ ಯಾವುದೇ ಒಂದು ಎಳೆ ಸಿಕ್ಕರೂ, ಅಯ್ಯೋ ಎನ್ನುವ ಮೊದಲು ಮನುಷ್ಯನನ್ನೇ ಸುತ್ತಿಕೊಳ್ಳುತ್ತದೆ. ಚಾಲಕ ಕ್ಲಚ್ ಒತ್ತುವಷ್ಟು ಸಮಯವೂ ಇರುವುದಿಲ್ಲ. ಅಗರ್ ಇಳಿಯದಿದ್ದರೆ ಬ್ಲೇಡು ಮೊಂಡಾಗಿದೆ ಅಥವಾ ನೆಲಕ್ಕೆ ಹದವಿಲ್ಲ, ಎರಡಕ್ಕೂ ಮದ್ದು ಬೇರೆ ಇದೆ. ಯಂತ್ರ ತಿರುಗುವಾಗ ಚಾಲಕನನ್ನು ಬಿಟ್ಟು ಯಾರೂ ಹತ್ತು ಅಡಿಯೊಳಗೆ ಇರಬಾರದು. ಗುಂಡಿಯ ಬಾಯಲ್ಲಿನ ಮಣ್ಣನ್ನು ಕೈಯಿಂದಾಗಲಿ ಕಾಲಿನಿಂದಾಗಲಿ ಸರಿಸಬಾರದು. ಚಾಲಕ ಪ್ಯಾಂಟು, ಮೈಗೆ ಅಂಟಿದ ಅಂಗಿ, ಬೂಟು ಹಾಕಿಕೊಂಡಿರಲಿ. ಸಂಜೆ ಉಳಿದ ಗುಂಡಿಗಳ ಮೇಲೆ ಹಲಗೆಯನ್ನೋ ಚಪ್ಪಡಿಯನ್ನೋ ಮುಚ್ಚಿ ಬನ್ನಿ. ಮೇಯಲು ಬಂದ ಕರುವಿನ ಕಾಲು ಮುರಿಯಲು ಒಂಬತ್ತು ಇಂಚಿನ ಗುಂಡಿ ಸಾಕು.

ಕಂಬವನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಬೇಕೇ, ಮಣ್ಣಿನಲ್ಲಿ ಸಾಕೇ?

ಏಳು ಅಡಿಯ ಕಂಬವಾದರೆ ಎರಡು ಅಡಿ ಒಳಗೆ, ಐದು ಅಡಿ ಹೊರಗೆ. ಗರಸು ಬೆರೆತ ಕೆಂಪು ಭೂಮಿಯಲ್ಲಿ ನಡುವಿನ ಕಂಬಗಳಿಗೆ ಮಣ್ಣೇ ಸಾಕು: ನಾಲ್ಕೈದು ಇಂಚಿನ ಪದರವಾಗಿ ತುಂಬುತ್ತ, ಕಲ್ಲಿನ ಚಕ್ಕೆಗಳನ್ನು ಬುಡಕ್ಕೆ ಬಿಗಿಯಾಗಿ ಸಿಕ್ಕಿಸಿ, ಪ್ರತಿ ಪದರವನ್ನೂ ಹಾರೆಯ ಬುಡದಿಂದ ಗುದ್ದಬೇಕು. ಒಮ್ಮೆಗೇ ತುಂಬಿ ಮೇಲಷ್ಟೇ ತುಳಿದ ಕಂಬ ಮೊದಲ ಮಳೆಗೇ ವಾಲುತ್ತದೆ. ಕಾಂಕ್ರೀಟ್ ಹಾಕುವುದಾದರೆ ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು, ಆರು ಪಾಲು ಜಲ್ಲಿ ಸಾಕಾಗುತ್ತದೆ. ಒಂದು ವಾರ ನೀರು ಹಾಕಿ, ಆಮೇಲೆಯೇ ತಂತಿ ಎಳೆಯಿರಿ.

ಉತ್ತರ ಕರ್ನಾಟಕದ ಎರೆ ಭೂಮಿಯ ಮಾತು ಬೇರೆ. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವುದರಿಂದ ಕಂಬವನ್ನು ವರ್ಷವರ್ಷವೂ ಅಲುಗಿಸುತ್ತದೆ. ಅದರ ಜೊತೆಗೆ ಅಗರ್ ಆ ಮಣ್ಣಿನ ಗೋಡೆಯನ್ನು ಒರೆದು ಗಾಜಿನಂತೆ ನುಣುಪು ಮಾಡುವುದರಿಂದ ಕಾಂಕ್ರೀಟ್ ಅದನ್ನು ಕಚ್ಚುವುದಿಲ್ಲ. ಅಲ್ಲಿ ಅರ್ಧ ಅಡಿ ಹೆಚ್ಚು ಆಳ ತೋಡಿ, ಹಾರೆಯಿಂದ ಗೋಡೆಯನ್ನು ಕೆರೆದು ಒರಟು ಮಾಡಿ, ಎರೆ ಮಣ್ಣನ್ನು ವಾಪಸು ಹಾಕದೆ ಹೊರಗಿನಿಂದ ತಂದ ಗರಸು ತುಂಬಿ ಗುದ್ದಬೇಕು.

ಮೂಲೆ ಕಂಬಗಳಿಗೂ ಇದೇ ಗುಂಡಿ ಸಾಕೇ?

ಸಾಲದು. ತಂತಿಯ ಬಿಗಿಯೆಲ್ಲ ಬೀಳುವುದು ಮೂಲೆ ಕಂಬದ ಮೇಲೆ. ಅಲ್ಲಿ ದಪ್ಪನೆಯ ಕಂಬ, ಎರಡೂವರೆ ಅಡಿ ಆಳ, ಕಾಂಕ್ರೀಟ್, ಮತ್ತು ತಂತಿ ಹೋಗುವ ಎರಡೂ ದಿಕ್ಕಿಗೆ ಓರೆಯಾಗಿ ಆನಿಸಿದ ಸಪೋರ್ಟ್ ಕಲ್ಲು ಇರಲಿ. ಓರೆ ಕಲ್ಲಿನ ಗುಂಡಿಯನ್ನು ಯಂತ್ರದಿಂದ ನೇರವಾಗಿ ಒಂದೂವರೆ ಅಡಿ ತೋಡಿ, ಒಂದು ಬದಿಯನ್ನು ಹಾರೆಯಿಂದ ಇಳಿಜಾರು ಮಾಡಿಕೊಳ್ಳಬೇಕು. ಉದ್ದನೆಯ ಸಾಲಿನಲ್ಲಿ ಸುಮಾರು ನೂರು ಅಡಿಗೊಂದರಂತೆ ಇಂಥ ಬಿಗಿ ಕಂಬ ಇರುವುದು ಒಳ್ಳೆಯದು.

ಇದೇ ಯಂತ್ರದಲ್ಲಿ ಗಿಡದ ಗುಂಡಿ ತೋಡಬಹುದೇ?

18 ಅಥವಾ 24 ಇಂಚಿನ ಅಗರ್ ಹಾಕಿ ತೋಡಬಹುದು. ನುಣುಪಾದ ಗೋಡೆಯನ್ನು ಎಳೆ ಬೇರು ಸುಲಭವಾಗಿ ಭೇದಿಸುವುದಿಲ್ಲವಾದ್ದರಿಂದ ಸನಿಕೆಯಿಂದ ಸುತ್ತಲೂ ಕೆರೆದು ಬಿಡುವುದನ್ನು ಮರೆಯಬೇಡಿ.

ನಿರ್ವಹಣೆ ಹೇಗೆ?

ಕೆಲಸದ ದಿನ ಬೆಳಿಗ್ಗೆ ಶಾಫ್ಟ್‌ನ ಕ್ರಾಸ್ ಎಂಬ ಕೀಲುಗಳಿಗೆ ಗ್ರೀಸ್, ಗೇರ್‌ಬಾಕ್ಸ್‌ನಲ್ಲಿ ಎಣ್ಣೆಯ ಮಟ್ಟ, ಎಲ್ಲ ಬೋಲ್ಟುಗಳ ಬಿಗಿ ನೋಡಿ. ಸಾಮಾನ್ಯವಾಗಿ 90 ನಂಬರಿನ ಗೇರ್ ಆಯಿಲ್ ಬಳಸುತ್ತಾರೆ, ಕೈಪಿಡಿಯಲ್ಲಿ ಬೇರೆ ಹೇಳಿದ್ದರೆ ಅದನ್ನೇ ಹಾಕಿ. ಬ್ಲೇಡುಗಳನ್ನು ಯಾವಾಗಲೂ ಜೊತೆಯಾಗಿಯೇ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಇದ್ದರೆ ಅಗರ್ ಒಂದು ಕಡೆಗೆ ಎಳೆದು ಗುಂಡಿ ಓರೆಯಾಗುತ್ತದೆ. ಕೆಲಸ ಮುಗಿದ ಸಂಜೆ ಸುರುಳಿಯ ಮಣ್ಣು ತೊಳೆದು, ಬ್ಲೇಡಿಗೂ ಮೊನೆಗೂ ಹಳೆಯ ಎಂಜಿನ್ ಆಯಿಲ್ ಸವರಿ, ಯಂತ್ರವನ್ನು ಗೋಡೆಗೆ ಆನಿಸದೆ ನೆಲದ ಮೇಲೆ ಅಡ್ಡಲಾಗಿ ಮಲಗಿಸಿ ಇಡಿ. ಗೋಡೆಗೆ ಆನಿಸಿಟ್ಟ ಅಗರ್ ಉರುಳಿ ಬಿದ್ದರೆ ಹತ್ತಿರ ಆಡುವ ಮಕ್ಕಳಿಗೆ ಅಪಾಯ.